ಮೇಲ್ಮನೆಯ ನಾಯಿ, ಕೆಳಮನೆಯ ನಿದ್ದೆ: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಪೂರ್ವ ಭಾಗದ ಒಂದು ಬಡಾವಣೆ. ನಲವತ್ತು-ಅರವತ್ತರ ಸೈಟಿನಲ್ಲಿ ನೆಲಮಹಡಿ ಸೇರಿ ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡ, ಒಟ್ಟು ಎಂಟು ಮನೆ. ಮನೆಗಳ ನಡುವೆ ನಾಲ್ಕಡಿ ಅಗಲ, ಐದಡಿ ಉದ್ದದ ಡಕ್ಟ್, ಅಂದರೆ ಗಾಳಿ-ಬೆಳಕಿಗೆಂದು ಕೆಳಗಿನಿಂದ ಮೇಲಿನವರೆಗೆ ಬಿಟ್ಟ ತೆರೆದ ಜಾಗ. ಎಲ್ಲ ಮನೆಗಳ ಯುಟಿಲಿಟಿ (ಬಟ್ಟೆ-ಪಾತ್ರೆ ತೊಳೆಯುವ ಜಾಗ), ಬಚ್ಚಲಿನ ಗಾಳಿಕಿಂಡಿ, ಒಂದೊಂದು ಮಲಗುವ ಕೋಣೆಯ ಕಿಟಕಿ ಅದಕ್ಕೇ ತೆರೆದುಕೊಳ್ಳುತ್ತವೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇವೆ.

ಮೂರನೇ ಮಹಡಿಯಲ್ಲಿ 29 ವರ್ಷದ ಯುವಕ. ಅಮೆರಿಕದ ಕಂಪನಿಯೊಂದರ ಕೆಲಸ, ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿ ಪಾಳಿ. ಸಂಜೆ 8.15ಕ್ಕೆ ಕ್ಯಾಬ್ ಬಂದರೆ ಮನೆ ಸೇರುವುದು ಬೆಳಗ್ಗೆ 6.30ಕ್ಕೆ. ಜೊತೆಗೆ ಮೂರು ವರ್ಷದ ಹೆಣ್ಣು ನಾಯಿ. ಮರಿಯಿದ್ದಾಗ ಬೀದಿಯಿಂದ ಎತ್ತಿಕೊಂಡು ಬಂದ ನಮ್ಮ ನಾಟಿ ತಳಿ, ತೂಕ 17 ಕಿಲೋ, ಸಂತಾನಹರಣ ಆಗಿದೆ. ಜನವರಿ ಕೊನೆಯವರೆಗೆ ಆ ಮನೆಯಲ್ಲಿ ಹಗಲು ಕೆಲಸ ಮಾಡುವ ಗೆಳೆಯನೊಬ್ಬ ಇದ್ದ. ಹಾಗಾಗಿ ಆ ನಾಯಿ ಹುಟ್ಟಿದಾಗಿನಿಂದ ಒಂದು ರಾತ್ರಿಯನ್ನೂ ಒಂಟಿಯಾಗಿ ಕಳೆದಿರಲಿಲ್ಲ. ಗೆಳೆಯ ಊರು ಬಿಟ್ಟ. ಮೊದಲ ವಾರದಲ್ಲೇ ನಾಯಿ ಬಾಗಿಲ ಚೌಕಟ್ಟನ್ನು ಪರಚಿ ಕಿತ್ತಿತು, ಸೋಫಾ ಹರಿಯಿತು. ಓನರ್ ಅಡ್ವಾನ್ಸಿನಲ್ಲಿ ಹಿಡಿದಾರೆಂಬ ಭಯಕ್ಕೆ ಯುವಕ ಅದನ್ನು ಯುಟಿಲಿಟಿಗೆ ಸಾಗಿಸಿದ: ಮೂರೂವರೆ ಅಡಿ ಅಗಲ, ಏಳಡಿ ಉದ್ದ, ವಾಷಿಂಗ್ ಮಷೀನಿನ ಪಕ್ಕ, ನಾಲ್ಕಡಿ ಬೆಲ್ಟಿಗೆ ಕಟ್ಟಿ.

ಅದರ ನೇರ ಕೆಳಗೆ, ಎರಡನೇ ಮಹಡಿಯಲ್ಲಿ, 47 ವರ್ಷದ ಪ್ರೌಢಶಾಲಾ ಶಿಕ್ಷಕಿಯ ಸಂಸಾರ. ಗಂಡ, ದ್ವಿತೀಯ ಪಿಯುಸಿ ಓದುವ ಮಗ, 74ರ ಅತ್ತೆ. ಶಿಕ್ಷಕಿ ರಾತ್ರಿ 10.15ಕ್ಕೆ ಮಲಗಿ ಬೆಳಗ್ಗೆ 5.15ಕ್ಕೆ ಏಳುವವರು. ಅವರ ಕೋಣೆಯ ಕಿಟಕಿ ಡಕ್ಟಿಗೆ.

ಮಾರ್ಚ್ ಮೊದಲ ವಾರದ ಹೊತ್ತಿಗೆ ಅವರ ನಿದ್ದೆ ಸರಾಸರಿ 4 ಗಂಟೆ 20 ನಿಮಿಷಕ್ಕೆ ಇಳಿದಿತ್ತು. ಹಾಸಿಗೆಯಲ್ಲಿ ಕಳೆಯುವ ಏಳು ಗಂಟೆಯಲ್ಲಿ ಇದು ನೂರಕ್ಕೆ 62 ಪಾಲು. ಉತ್ತರಪತ್ರಿಕೆಯ ಅಂಕ ಕೂಡಿಸುವಾಗ ತಪ್ಪು, ಮಧ್ಯಾಹ್ನವಾದರೆ ತಲೆನೋವು. ಒಂದು ಬೆಳಗ್ಗೆ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆಯೇ ಜೋಂಪು ಹತ್ತಿತು. ಅತ್ತೆಯ ಸಂಕಟ ಬೇರೆ. ಬೊಗಳಿದರೆ ಅವರಿಗೆ ಚಿಂತೆಯಿಲ್ಲ. ಆದರೆ ಈ ನಾಯಿ ನಡುರಾತ್ರಿ ಊಳಿಡುತ್ತಿತ್ತು. ಮನೆಯ ತಲೆಮೇಲೆಯೇ ನಾಯಿ ಊಳಿಟ್ಟರೆ ಯಾರೋ ಹೋಗುತ್ತಾರೆಂದು ನಂಬಿ ಬೆಳೆದ ಜೀವ. ಎದ್ದು ಕೂತು ದೇವರ ನಾಮ ಹೇಳುತ್ತಿದ್ದರು, ಬಿಪಿ ಮಾತ್ರೆ ತಪ್ಪುತ್ತಿತ್ತು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರೆ ಆ ಮನೆಯ ಅರ್ಧ ಸಮಸ್ಯೆ ಕಣ್ಣಿಗೆ ಬೀಳುವುದಿಲ್ಲ. ಒಬ್ಬರು ಹೆದರಿ ಎದ್ದಾಗ ಇನ್ನೊಬ್ಬರಿಗೂ ಎಚ್ಚರವಾಗುತ್ತಿತ್ತು.

ಮೊದಲ ಐದು ವಾರ ಮಾಡಿದ್ದು, ಕೆಟ್ಟದ್ದು

ಮೊದಲು ಕೆಳಮನೆಯವರು ಕೋಲಿನಿಂದ ಗ್ರಿಲ್ ಬಡಿದು "ಏಯ್, ಸುಮ್ನಿರು" ಎಂದು ಕೂಗಿದರು. ನಾಯಿ ಎರಡು ನಿಮಿಷ ಸುಮ್ಮನಾಗಿ ಮತ್ತೆ ಜೋರಾಗಿ ಶುರುಮಾಡುತ್ತಿತ್ತು. ಒಂಟಿತನಕ್ಕೆ ಹೆದರಿದ ಪ್ರಾಣಿಗೆ ಕೆಳಗಿನಿಂದ ಮನುಷ್ಯರ ದನಿ ಕೇಳಿತೆಂದರೆ ಕರೆದರೆ ಯಾರೋ ಓಗೊಡುತ್ತಾರೆ ಎಂದಾಯಿತು. ಬಡಿತದ ಸದ್ದಿಗೆ ಭಯ ಹೆಚ್ಚಿದ್ದು ಅದರ ಮೇಲೆ.

ದೂರು ಕಿವಿಗೆ ಬಿದ್ದ ಮೇಲೆ ಯುವಕ ಆನ್‌ಲೈನ್‌ನಲ್ಲಿ ಬೊಗಳು ತಡೆಯುವ ಬೆಲ್ಟ್ ತರಿಸಿದ. ಬೊಗಳಿದೊಡನೆ ಕುತ್ತಿಗೆಗೆ ಕಂಪನ, ಆಮೇಲೆ ಸಣ್ಣ ಕರೆಂಟ್ ಶಾಕ್ ಕೊಡುವ ಸಾಧನ. ಎರಡು ರಾತ್ರಿ ಕಟ್ಟಡ ನಿಶ್ಶಬ್ದ. ಮೂರನೆಯ ರಾತ್ರಿಯಿಂದ ನಾಯಿ ಬೊಗಳುವುದನ್ನು ಬಿಟ್ಟು ಊಳಿಡತೊಡಗಿತು. ತೆಳ್ಳಗಿನ ಎಳೆದ ದನಿಗೆ ಆ ಬೆಲ್ಟ್ ಸರಿಯಾಗಿ ಸ್ಪಂದಿಸುವುದಿಲ್ಲ. ವಾರದೊಳಗೆ ಮುಂಗಾಲನ್ನು ನೆಕ್ಕಿ ನೆಕ್ಕಿ ಗಾಯ ಮಾಡಿಕೊಂಡಿತು. ಸದ್ದು ಭಯದ ಹೊರರೂಪ. ಅದನ್ನು ನೋವಿನಿಂದ ಮುಚ್ಚಿದರೆ ಭಯ ಇನ್ನೊಂದು ಕಡೆಯಿಂದ ಒಡೆದುಕೊಳ್ಳುತ್ತದೆ, ಅದೂ ಮೊದಲಿಗಿಂತ ಕೆಟ್ಟದಾಗಿ. ಒಂಟಿತನಕ್ಕೆ ಹೆದರುವ ನಾಯಿಗೆ ಈ ಸಾಧನ ಕಟ್ಟಲೇಬಾರದು.

ಮೂರನೆಯದು ಕಟ್ಟಡದ ವಾಟ್ಸಾಪ್ ಗುಂಪು. ಒಬ್ಬರು ಬರೆದರು, ನಾಲ್ವರು ಸೇರಿಕೊಂಡರು, ಓನರ್ "ನಾಯಿ ಬಿಡು, ಇಲ್ಲಾ ಮನೆ ಬಿಡು" ಎಂದರು. ಯುವಕ ಗುಂಪಿನಿಂದ ಹೊರಬಂದು ಯಾರೊಂದಿಗೂ ಮಾತಾಡದಾದ. ಪರಿಹಾರಕ್ಕೆ ಬೇಕಿದ್ದ ಒಬ್ಬನೇ ಮನುಷ್ಯ ಹೀಗೆ ಕೈತಪ್ಪಿದ. "ಏನಾದ್ರೂ ಹಾಕಿಬಿಡಿ, ಎರಡು ದಿನದಲ್ಲಿ ಮುಗಿಯತ್ತೆ" ಎಂದು ಮೆಟ್ಟಿಲ ಮೇಲೆ ಒಬ್ಬರು ಆಡಿದ ಮಾತೂ ಇದೆ. ವಿಷವಿಕ್ಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು ಕಾಣಿಸುವ ಅಪರಾಧ. ಕಾನೂನು ಇರಲಿ ಬಿಡಲಿ, ಅಳುತ್ತಿರುವ ಪ್ರಾಣಿಗೆ ಮಾಡುವ ಕೆಲಸವಲ್ಲ ಅದು.

ನಾಲ್ಕನೆಯದಾಗಿ ಶಿಕ್ಷಕಿ ಅತ್ತೆಗೆ ಬರೆದುಕೊಟ್ಟಿದ್ದ, ಆತಂಕ ಇಳಿಸಿ ನಿದ್ದೆ ಬರಿಸುವ ಆಲ್ಪ್ರಜೋಲಾಮ್ ಮಾತ್ರೆಯನ್ನು ಆರು ರಾತ್ರಿ ನುಂಗಿದರು. ನಿದ್ದೆ ಬಂತು, ಬೆಳಗ್ಗೆ ಮಂಪರು ಬಿಡಲಿಲ್ಲ. ಸಿಗ್ನಲ್‌ನಲ್ಲಿ ಜೋಂಪು ಹತ್ತಿದ್ದು ಆ ವಾರವೇ. ಇನ್ನೊಬ್ಬರಿಗೆ ಬರೆದ ಈ ಬಗೆಯ ಮಾತ್ರೆಯನ್ನು ತೆಗೆದುಕೊಳ್ಳಬಾರದು. ಬೇಗ ಅಭ್ಯಾಸವಾಗುತ್ತದೆ, ಬಿಟ್ಟಾಗ ನಿದ್ದೆ ಇನ್ನಷ್ಟು ಕೆಡುತ್ತದೆ. ಬಹುಕಾಲ ತೆಗೆದುಕೊಂಡವರು ವೈದ್ಯರನ್ನು ಕೇಳದೆ ಒಮ್ಮೆಗೇ ನಿಲ್ಲಿಸಲೂ ಬಾರದು.

ಎರಡು ದಾಖಲೆ

ಕೆಳಮನೆಯಲ್ಲಿ ಹತ್ತು ದಿನ ಒಂದು ಪುಸ್ತಕ ಇಟ್ಟರು. ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಬಗೆಯ ದನಿ (ಬೊಗಳು, ಊಳು, ಕುಂಯ್‌ಗುಡುವುದು, ಪರಚುವುದು), ಅದಕ್ಕೆ ಮುಂಚೆ ಹೊರಗೆ ಏನಾಯಿತು. "ರಾತ್ರಿಯೆಲ್ಲ ಬೊಗಳ್ತಿತ್ತು" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಪುಸ್ತಕದಲ್ಲಿ ಕಂಡದ್ದು: ಕ್ಯಾಬ್ ಹೋದ 6ರಿಂದ 12 ನಿಮಿಷದೊಳಗೆ ಶುರು, 9.10ರವರೆಗೆ ಒಂದೇ ಸಮನೆ. ಆಮೇಲೆ ಬಿಟ್ಟು ಬಿಟ್ಟು. 11.40ರ ಸುಮಾರಿಗೆ, 1.30ರಿಂದ 2.15ರವರೆಗೆ ಊಳು, 4.30ಕ್ಕೆ ಹಾಲಿನ ಗಾಡಿಗೆ ಬೊಗಳು. ಶನಿವಾರ, ಭಾನುವಾರದ ರಾತ್ರಿ ಏನೂ ಇಲ್ಲ. ಇದೊಂದೇ ಸಾಲು ಅರ್ಧ ಉತ್ತರ ಕೊಟ್ಟಿತು. ಮಾಲೀಕ ಇದ್ದಾಗ ಇಲ್ಲ, ಹೊರಟ ಅರ್ಧ ಗಂಟೆಯೊಳಗೆ ಉಲ್ಬಣ ಎಂದರೆ ಒಂಟಿಯಾಗಿ ಬಿಟ್ಟ ಸಂಕಟವನ್ನೇ ಮೊದಲು ಅನುಮಾನಿಸಬೇಕು.

ಸದ್ದಿನ ಮಟ್ಟವನ್ನು ಮೊಬೈಲಿನಲ್ಲಿ ಅಳೆದರು. ಮೊಬೈಲ್ ಆಪ್ ನಾಲ್ಕೈದು ಡೆಸಿಬೆಲ್ ಆಚೀಚೆ ತೋರಿಸುವುದು ಮಾಮೂಲು, ಅದು ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಆದರೆ ಒಂದೇ ಫೋನನ್ನು ದಿಂಬಿನ ಜಾಗದಲ್ಲೇ ಇಟ್ಟು ಅಳೆದರೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಸಾಕು. ಕಿಟಕಿ ಮುಚ್ಚಿದಾಗ ಕೋಣೆಯ ಹಿನ್ನೆಲೆ ಸದ್ದು 34ರಿಂದ 36, ಬೊಗಳಿದಾಗ 58ರಿಂದ 62. ಮಲಗುವ ಕೋಣೆಯಲ್ಲಿ ಒಂದೊಂದು ಬಿಡಿ ಸದ್ದೂ 45 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ನಾಯಿಯ ಬಳಿಯೇ ಬೊಗಳು 90 ದಾಟುವುದು ಸಾಮಾನ್ಯ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬೆಲ್ ಇಳಿಯಬೇಕಾದ ಸದ್ದು ಡಕ್ಟಿನಲ್ಲಿ ಹಾಗೆ ಇಳಿಯುವುದಿಲ್ಲ. ನಾಲ್ಕೂ ಕಡೆ ಗಟ್ಟಿ ಗಾರೆ, ಬಡಿದ ಸದ್ದು ಮತ್ತೆ ಮತ್ತೆ ಪುಟಿಯುತ್ತದೆ.

ಎರಡನೆಯ ದಾಖಲೆ ಮೇಲ್ಮನೆಯಲ್ಲಿ ಆಗಬೇಕಿತ್ತು. ಅದಕ್ಕೆ ಮಾತುಕತೆ ಬೇಕು.

ಮಾತು

ಹೊತ್ತು ಆರಿಸಿದ್ದೇ ಮುಖ್ಯವಾಯಿತು. ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಅವನು ಮೀಟಿಂಗಿನಲ್ಲಿ. ಬೆಳಗ್ಗೆ ಆರೂವರೆಗೆ ಬಾಗಿಲು ತಟ್ಟಿದರೆ ಅವನಿಗೂ ನಿದ್ದೆಗೇಡು, ಇವರಿಗೂ ನಿದ್ದೆಗೇಡು, ಜಗಳ ಖಂಡಿತ. ಮಾರ್ಚ್ ಎರಡನೇ ಶನಿವಾರ ಸಂಜೆ ಐದಕ್ಕೆ ಶಿಕ್ಷಕಿ ಒಬ್ಬರೇ ಹೋದರು. ಓನರ್ ಇಲ್ಲ, ಗಂಡ ಇಲ್ಲ, ಪುಸ್ತಕವೂ ಇಲ್ಲ. ಫೋನಿನಲ್ಲಿ 40 ಸೆಕೆಂಡಿನ ಧ್ವನಿಮುದ್ರಣ ಮಾತ್ರ.

"ಜಗಳಕ್ಕೆ ಬಂದಿಲ್ಲ ಕಣಪ್ಪ. ನೀನು ಹೋದ್ಮೇಲೆ ಇದು ಹೆಂಗೆ ಒದ್ದಾಡತ್ತೆ ಅಂತ ನಿಂಗೆ ಗೊತ್ತಿಲ್ಲ ಅನ್ಸತ್ತೆ. ಒಂದ್ನಿಮಿಷ ಕೇಳು."

"ಆಂಟಿ, ನಾನ್ ಬಂದಾಗ ಮಲ್ಗೇ ಇರತ್ತೆ. ನೀವೆಲ್ಲಾ ಸೇರ್ಕೊಂಡು ಸುಮ್ನೆ ಹೇಳ್ತಿದ್ದೀರ ಅನ್ಕೊಂಡಿದ್ದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಇಂಥ ಪ್ರಕರಣಗಳಲ್ಲಿ ಮಾಲೀಕನೊಬ್ಬನೇ ಆ ಸದ್ದನ್ನು ಎಂದೂ ಕೇಳಿರುವುದಿಲ್ಲ. ಬೆಳಗ್ಗೆ ಅವನು ಕಾಣುವುದು ಅತ್ತು ಅತ್ತು ಸುಸ್ತಾಗಿ ಮಲಗಿದ ನಾಯಿಯನ್ನು. "ನಿಮ್ಮ ನಾಯಿ ಕಾಟ" ಎಂದು ಶುರುಮಾಡಿದ್ದರೆ ಅವನು ನಾಯಿಯ ಪರ ವಕಾಲತ್ತಿಗೆ ನಿಲ್ಲುತ್ತಿದ್ದ. "ನಿಮ್ಮ ನಾಯಿ ಅಳ್ತಿದೆ" ಎಂದಾಗ ಇಬ್ಬರೂ ಒಂದೇ ಕಡೆಗೆ ಬಂದರು.

ಸೋಮವಾರ ಅವನು ಹಳೆಯ ಮೊಬೈಲನ್ನು ಯುಟಿಲಿಟಿಯ ಅಟ್ಟದ ಮೇಲೆ ಕ್ಯಾಮೆರಾ ಮಾಡಿಟ್ಟ. ಏದುಸಿರು, ಸುರಿಯುವ ಜೊಲ್ಲು, ಮೂರಡಿ ಜಾಗದಲ್ಲೇ ಅತ್ತಿಂದಿತ್ತ ಓಡಾಟ, ಮಷೀನಿನ ಕಾಲಿಗೆ ಸುತ್ತಿಕೊಂಡ ಬೆಲ್ಟು, ಎಂಟು ಮುಕ್ಕಾಲಿಗೇ ಉರುಳಿದ ನೀರಿನ ಬಟ್ಟಲು. ಅಂದರೆ ಬೆಳಗಿನವರೆಗೆ ನೀರಿಲ್ಲ. ತಟ್ಟೆಯಲ್ಲಿ ಹಾಕಿದ್ದ ಕೋಳಿ-ಅನ್ನ ಮುಟ್ಟಿಲ್ಲ. ಅವನು ಬಂದ ಎರಡು ನಿಮಿಷಕ್ಕೆ ಅದೇ ತಟ್ಟೆ ಖಾಲಿ.

ಆ ಮುಟ್ಟದ ತಟ್ಟೆ ಒಳ್ಳೆಯ ಸುಳಿವು. ಬೇಸರಕ್ಕೆ ಬೊಗಳುವ ನಾಯಿ ಊಟ ಮಾಡುತ್ತದೆ, ಚಪ್ಪಲಿ ಕಡಿಯುತ್ತದೆ, ನಡುನಡುವೆ ನಿದ್ದೆ ಹೊಡೆಯುತ್ತದೆ. ಕಾವಲಿಗೆ ಬೊಗಳುವ ನಾಯಿ ಗಾಡಿ ಹೋದೊಡನೆ ನಿಲ್ಲಿಸುತ್ತದೆ. ನೋವಿರುವ ನಾಯಿ ಮಾಲೀಕನಿದ್ದಾಗಲೂ ನರಳುತ್ತದೆ. ಹತ್ತು ದಾಟಿದ ನಾಯಿ ರಾತ್ರಿ ಗೋಡೆ ನೋಡುತ್ತ ನಿಂತು ಅಳುತ್ತಿದ್ದರೆ ಮುಪ್ಪಿನ ಮರೆವು, ಕಿವುಡು, ಕಣ್ಣಿನ ಪೊರೆ, ಕೀಲುನೋವು, ಮೂತ್ರದ ತೊಂದರೆ ಇವನ್ನು ಮೊದಲು ನೋಡಬೇಕು, ದಾರಿಯೇ ಬೇರೆ. ಭಯದಲ್ಲಿ ಮುಳುಗಿದ ನಾಯಿಗಾದರೋ ಊಟ ಸೇರುವುದಿಲ್ಲ.

ಆ ರಾತ್ರಿಯಿಂದಲೇ

ನಾಯಿ ಸರಿಹೋಗಲು ತಿಂಗಳುಗಳು ಬೇಕು. ಕೆಳಮನೆಯವರು ಅಷ್ಟು ದಿನ ಕಾಯಲಾರರು. ಆದ್ದರಿಂದ ಎರಡು ಕೆಲಸ ಒಟ್ಟಿಗೆ ನಡೆಯಬೇಕು: ಮಲಗುವವರಿಗೆ ಅಂದೇ ರಕ್ಷಣೆ, ನಾಯಿಗೆ ನಿಧಾನದ ಚಿಕಿತ್ಸೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ನಾಲ್ಕನೇ ವಾರಕ್ಕೆ ತಾಳ್ಮೆ ಕಳೆದು ಎರಡೂ ಮುರಿಯುತ್ತವೆ.

ಕೆಳಮನೆಯಲ್ಲಿ ಎಲ್ಲಕ್ಕಿಂತ ಸುಲಭದ, ಪೈಸೆ ಖರ್ಚಿಲ್ಲದ ದಾರಿ ಐದು ವಾರ ಕಣ್ಣೆದುರೇ ಇತ್ತು: ರಸ್ತೆ ಕಡೆಯ ಹಾಲಿನಲ್ಲಿ ಮಲಗುವುದು. ಅಲ್ಲಿ ಅಳೆದರೆ ಬೊಗಳು 41ರಿಂದ 43, ಮೂರರ ಸ್ಪೀಡಿನ ಫ್ಯಾನ್ ಸದ್ದೇ 44. ಮಾಡದಿದ್ದುದಕ್ಕೆ ಕಾರಣ "ನಮ್ಮ ಕೋಣೆ ಬಿಟ್ಟು ನಾವ್ಯಾಕೆ ಹೋಗಬೇಕು" ಎಂಬ ಛಲ. ನ್ಯಾಯವಾದ ಛಲವೇ. ಆದರೆ ನಿದ್ದೆಗೆ ಅದು ತಿಳಿಯದು. ಹಾಸಿಗೆ ಹಾಲಿಗೆ ಬಂತು, ಗಾಢ ನಿದ್ದೆಯ ಮಗ ಡಕ್ಟ್ ಕೋಣೆಗೆ ಹೋದ.

ಕೋಣೆಯನ್ನೂ ಬಿಡಲಿಲ್ಲ. ಎಚ್ಚರಿಸುವುದು ಸದ್ದಿನ ಒಟ್ಟು ಮಟ್ಟಕ್ಕಿಂತ ಅದರ ನೆಗೆತ. 35ರ ನಿಶ್ಶಬ್ದದಲ್ಲಿ 61ರ ಬೊಗಳು ಬಿದ್ದರೆ 26ರ ನೆಗೆತ. ಬೊಗಳನ್ನು ಇಳಿಸಬೇಕು, ಹಿನ್ನೆಲೆಯನ್ನು ಸ್ವಲ್ಪ ಏರಿಸಬೇಕು. ಸ್ಲೈಡಿಂಗ್ ಕಿಟಕಿಯ ಕುಚ್ಚಿನ ಪಟ್ಟಿ ಸವೆದು 6 ಮಿಲಿಮೀಟರ್ ಸಂದಿಯಿತ್ತು. ದಪ್ಪ ಗಾಜು ಹಾಕಿಸುವ ಮೊದಲು ಸಂದಿ ಮುಚ್ಚಬೇಕು: ಗೋಡೆಯ ವಿಸ್ತೀರ್ಣದ ನೂರನೇ ಒಂದು ಪಾಲು ತೆರೆದಿದ್ದರೂ ಆ ಗೋಡೆ ಸುಮಾರು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಹಳೆಯ ಕುಚ್ಚು ಕಿತ್ತು ಹೊಸದು ತೂರಿಸಿದರು. ಎರಡು ಷಟರ್ ಸೇರುವಲ್ಲಿ ಅಂಟುಪಟ್ಟಿಯ ರಬ್ಬರ್ ಬೀಡಿಂಗ್, ಕೋಣೆಗೆ ಹೊಂದಿದ ಬಚ್ಚಲಿನ ಬಾಗಿಲ ಕೆಳಗಿನ 20 ಮಿಲಿಮೀಟರ್ ಸಂದಿಗೆ ಅಲ್ಯೂಮಿನಿಯಂ-ರಬ್ಬರಿನ ಪಟ್ಟಿ. ಬಚ್ಚಲಿನ ಗಾಳಿಕಿಂಡಿಯನ್ನೂ ಫೋಮ್ ಹಲಗೆಯಿಂದ ಮುಚ್ಚುವ ಯೋಚನೆ ಬಂದಿತ್ತು, ಬೇಡವೆಂದರು. ಒಳಗೆ ಗ್ಯಾಸ್ ಗೀಸರ್ ಇತ್ತು. ಗ್ಯಾಸ್ ಗೀಸರ್ ಇರುವ ಬಚ್ಚಲಿನ ಗಾಳಿಕಿಂಡಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಸದ್ದಿನ ಕಾಟಕ್ಕೆ ಎಂದೂ ಈ ಕೆಲಸ ಮಾಡಬೇಡಿ. ಬಾಗಿಲ ಸಂದಿ ಮುಚ್ಚಿದ್ದರಿಂದ ಗೀಸರ್ ಹೊತ್ತಿಸುವಾಗ ಬಚ್ಚಲಿನ ಬಾಗಿಲು ತೆರೆದಿಡಬೇಕೆಂದೂ, ನೀರು ಬಕೆಟ್ಟಿಗೆ ತುಂಬಿಸಿ ಗೀಸರ್ ಆರಿಸಿದ ಮೇಲೆಯೇ ಸ್ನಾನವೆಂದೂ ನಿಯಮ ಮಾಡಿಕೊಂಡರು. ಇಷ್ಟಾದ ಮೇಲೆ ದಿಂಬಿನ ಬಳಿ ಬೊಗಳು 51ರಿಂದ 53ಕ್ಕೆ ಇಳಿಯಿತು. ಫ್ಯಾನ್ ಹಾಕಿದರೆ ನೆಗೆತ 26ರಿಂದ 9ಕ್ಕೆ.

ಕಿವಿಗೆ ಹತ್ತಿ ತುರುಕಿದರೆ ಹೆಚ್ಚೇನೂ ತಡೆಯುವುದಿಲ್ಲ. ಔಷಧ ಅಂಗಡಿಯ ಫೋಮ್ ಇಯರ್‌ಪ್ಲಗ್ ತಡೆಯುತ್ತದೆ, ಸರಿಯಾಗಿ ಹಾಕಿದರೆ. ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ 30 ಸೆಕೆಂಡು ಒತ್ತಿ ಹಿಡಿಯಬೇಕು. ಅರ್ಧ ಹೊರಗೆ ಇಣುಕಿದರೆ ಹಾಕಿದ್ದು ದಂಡ. ಅಲಾರಾಂ ಗಂಡನ ಫೋನಿಗೆ ಹೋಯಿತು. ಎರಡು ವಾರ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಶಾಲೆಗೆ.

ಮೇಲ್ಮನೆಯಲ್ಲಿ ಅಂದೇ ಬೆಲ್ಟ್ ಬಿಚ್ಚಿ ನಾಯಿಯನ್ನು ಹಾಲಿಗೆ ತಂದರು. ಅಲುಗದಂತೆ ಸ್ಟ್ಯಾಂಡಿಗೆ ಸಿಕ್ಕಿಸಿದ ನೀರಿನ ಬಟ್ಟಲು, ಫ್ಯಾನು, ಸಣ್ಣ ದೀಪ, ಒಗೆಯದ ಟೀಶರ್ಟು ಹಾಸಿದ ಮೂಲೆ. ಬಾಗಿಲ ಚೌಕಟ್ಟಿಗೆ ಮೂರಡಿ ಎತ್ತರದವರೆಗೆ ಪಾಲಿಕಾರ್ಬೊನೇಟ್ ಹಾಳೆ ಹೊಡೆದಾಗ ಓನರ್ ಕೂಡ ಸುಮ್ಮನಾದರು. ಬೋನಿಗೆ ಹಾಕುವ ಸಲಹೆ ಬಂದಿತ್ತು. ಒಂಟಿತನಕ್ಕೆ ದಿಗಿಲುಬೀಳುವ ನಾಯಿ ಬೋನಿನ ಸರಳು ಕಡಿದು ಹಲ್ಲು, ಉಗುರು ಮುರಿದುಕೊಳ್ಳುತ್ತದೆ. ಜೊತೆಗೆ ಇನ್ನೊಂದು ನಾಯಿ ತರುವುದರಿಂದಲೂ ಸಾಮಾನ್ಯವಾಗಿ ಪ್ರಯೋಜನವಿಲ್ಲ, ಅದು ಹಂಬಲಿಸುವುದು ಮನುಷ್ಯರನ್ನು.

ನಾಯಿಯ ಚಿಕಿತ್ಸೆ

ಮೊದಲು ಪಶುವೈದ್ಯರು. ನಮ್ಮಲ್ಲಿ ಉಣ್ಣೆಹುಳು ಕಚ್ಚಿ ಬರುವ ಜ್ವರ ಸಾಮಾನ್ಯ, ರಕ್ತಪರೀಕ್ಷೆ ಮಾಡಿಸಿ ಅದಿಲ್ಲವೆಂದು ಖಚಿತ ಮಾಡಿಕೊಂಡರು. ಕಾಲಿನ ಗಾಯಕ್ಕೆ ಔಷಧ. ಆತಂಕಕ್ಕೆ ಫ್ಲುಯೊಕ್ಸೆಟಿನ್: ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಈ 17 ಕಿಲೋ ನಾಯಿಗೆ ದಿನಕ್ಕೊಮ್ಮೆ 20 ಮಿಲಿಗ್ರಾಂ. ಗುಣ ಕಾಣಲು 4ರಿಂದ 6 ವಾರ ಬೇಕು. ಮೊದಲೆರಡು ವಾರ ಹಸಿವು ಕಡಿಮೆ, ಮಂಕು. ಕೆಲಸ ಮಾಡಲಿಲ್ಲವೆಂದು ಹತ್ತನೇ ದಿನಕ್ಕೆ ನಿಲ್ಲಿಸಿಬಿಡುವುದೇ ಹೆಚ್ಚಾಗಿ ಆಗುವ ತಪ್ಪು. ಇನ್ನೊಂದು ಮಾತನ್ನು ಬಹಳ ಜನ ಮರೆಯುತ್ತಾರೆ: ಉಣ್ಣೆಗೆಂದು ಮೈ ತೊಳೆಯುವ ಅಮಿಟ್ರಾಜ್ ದ್ರಾವಣ ಮತ್ತು ಈ ಮಾತ್ರೆ ಒಟ್ಟಿಗೆ ಸಲ್ಲವು, ಅಮಿಟ್ರಾಜ್ ಬಳಸಿ ಕನಿಷ್ಠ 14 ದಿನ ಕಳೆದಿರಬೇಕು. ಮೂರ್ಛೆರೋಗ ಇರುವ ನಾಯಿಗೂ ಇದು ಹೊಂದದು. ಆದ್ದರಿಂದ ವೈದ್ಯರು ನೋಡದೆ ಕೊಡುವಂತಿಲ್ಲ.

ಮಾತ್ರೆ ಭಯದ ಮಟ್ಟ ಇಳಿಸುತ್ತದೆ, ಒಂಟಿಯಾಗಿರುವುದನ್ನು ಕಲಿಸುವುದಿಲ್ಲ. ಕಲಿಸುವ ಕ್ರಮದಲ್ಲಿ ಒಂದು ಕಟ್ಟುನಿಟ್ಟು ಇದೆ: ಕಲಿಕೆ ನಡೆಯುವ ವಾರಗಳಲ್ಲಿ ನಾಯಿ ತಾಳಲಾರದಷ್ಟು ಹೊತ್ತು ಒಂಟಿಯಾಗಿ ಉಳಿಯಲೇಬಾರದು. ಹಗಲು ಹತ್ತು ನಿಮಿಷ ಅಭ್ಯಾಸ ಮಾಡಿಸಿ ರಾತ್ರಿ ಹತ್ತು ಗಂಟೆ ಕೂಡಿಹಾಕಿದರೆ ರಾತ್ರಿ ಕಲಿತದ್ದೇ ಉಳಿಯುತ್ತದೆ. ಐದು ರಾತ್ರಿ ತುಂಬುವುದೇ ಈ ಪ್ರಕರಣದ ಅತಿ ಕಷ್ಟದ ಭಾಗವಾಗಿತ್ತು. ಮ್ಯಾನೇಜರ್ ಆರು ವಾರಕ್ಕೆ ವಾರದಲ್ಲಿ ಎರಡು ರಾತ್ರಿ ಮನೆಯಿಂದ ಕೆಲಸಕ್ಕೆ ಒಪ್ಪಿದರು. ಪಿಜಿಯಲ್ಲಿದ್ದ ಸೋದರಸಂಬಂಧಿ ಎರಡು ರಾತ್ರಿ ಬಂದ, ಆದರೆ ಬರುವುದು ಹತ್ತೂವರೆಗೆ. ಒಂದು ರಾತ್ರಿಗೆ 800 ರೂಪಾಯಿ ಕೊಟ್ಟು ನಾಯಿ ನೋಡಿಕೊಳ್ಳುವವರನ್ನು ಗೊತ್ತುಮಾಡಿದರು. ಎಂಟೂಕಾಲರಿಂದ ಹತ್ತೂವರೆಯ ಆ ಸಂದಿ ತುಂಬಿದವನು ಶಿಕ್ಷಕಿಯ ಮಗ. ಪಿಯು ಪರೀಕ್ಷೆ ಮುಗಿದಿತ್ತು, ಸಿಇಟಿಗೆ ಓದಬೇಕಿತ್ತು. ಪುಸ್ತಕ ಹಿಡಿದು ಮೇಲ್ಮನೆಯ ಹಾಲಿನಲ್ಲಿ ಕೂತ. ನಾಯಿ ಅವನ ಕಾಲಬುಡದಲ್ಲಿ ಮಲಗಿ ನಿದ್ದೆಹೋಯಿತು. ಆ ವಾರವೇ ಕೆಳಮನೆಯ ಪುಸ್ತಕದಲ್ಲಿ ಮೊದಲ ಖಾಲಿ ಪುಟಗಳು ಕಾಣಿಸಿದವು.

ಅಭ್ಯಾಸ ಮಧ್ಯಾಹ್ನ ಮೂರರ ನಂತರ, ಯುವಕ ನಿದ್ದೆ ಮುಗಿಸಿ ಎದ್ದ ಮೇಲೆ, ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ. ಮೊದಲ ನಾಲ್ಕು ದಿನ ಅವನು ಹೊರಗೆ ಹೋಗಲೇ ಇಲ್ಲ. ಶೂ ಹಾಕುವುದು, ಕೊರಳಿಗೆ ಐಡಿ ಕಾರ್ಡ್, ಕೈಗೆ ಬ್ಯಾಗು, ಮತ್ತೆ ಬಂದು ಕೂತು ಟೀವಿ ನೋಡುವುದು. ಕೀ ಅಲ್ಲಾಡಿಸಿ ಅಡುಗೆಮನೆಗೆ ಹೋಗಿ ಕಾಫಿ ಮಾಡುವುದು. ಈ ಗುರುತುಗಳಿಗೂ ಹತ್ತು ಗಂಟೆಯ ಒಂಟಿತನಕ್ಕೂ ಇದ್ದ ಗಂಟು ಸಡಿಲಬೇಕಿತ್ತು. ಆಮೇಲೆ ಬಾಗಿಲು. ಕ್ಯಾಮೆರಾದಲ್ಲಿ ನೋಡುತ್ತ ನಾಯಿ ಎಷ್ಟು ಹೊತ್ತು ನಿರಾಳವಾಗಿರುತ್ತದೆಂದು ಅಳೆದರು: 40 ಸೆಕೆಂಡು. ಶುರು ಅದರೊಳಗೆ. 5, 12, 3, 20, 8, 30 ಸೆಕೆಂಡು ಹೀಗೆ ಏರುಪೇರಾಗಿ. ಏರುತ್ತಲೇ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟ ಎಂದು ನಾಯಿಗೆ ತಿಳಿದುಬಿಡುತ್ತದೆ. ಪ್ರತಿ ಸಲದ ನಡುವೆ ಒಂದೆರಡು ನಿಮಿಷ ಬಿಡುವು. ಹೋಗುವಾಗ ಮುದ್ದಿಲ್ಲ, ಬಂದಾಗ ಸಂಭ್ರಮವಿಲ್ಲ. ತುಟಿ ನೆಕ್ಕಿಕೊಳ್ಳುವುದು, ಕಿವಿ ಹಿಂದಕ್ಕೆ ಒರಗಿಸುವುದು, ಬಾಗಿಲ ಬಳಿ ಮರಗಟ್ಟಿ ನಿಲ್ಲುವುದು ಕಂಡರೆ ಬೊಗಳುವ ಮೊದಲೇ ಒಳಬರಬೇಕು, ಮುಂದಿನ ಸಲ ಅರ್ಧಕ್ಕೆ ಇಳಿಸಬೇಕು.

ಮೊದಲ ವಾರದ ಕೊನೆಗೆ 2 ನಿಮಿಷ, ಎರಡನೆಯದಕ್ಕೆ 6. ಏಪ್ರಿಲ್ ಮೊದಲ ವಾರದ ಗುಡುಗು ಮಳೆಗೆ ಮತ್ತೆ 1 ನಿಮಿಷಕ್ಕೆ ಕುಸಿಯಿತು. ಯುವಕ ಕೈಚೆಲ್ಲಿದ್ದು ಆಗಲೇ. ಹಿಂದಕ್ಕೆ ಬೀಳುವುದು ಈ ಕೆಲಸದ ಭಾಗ, ಬಿದ್ದಲ್ಲಿಂದಲೇ ಶುರುಮಾಡಿದರೆ ಎರಡನೆಯ ಏರು ಬೇಗ ಆಗುತ್ತದೆ. ಐದನೇ ವಾರ 22 ನಿಮಿಷ, ಆರನೇ ವಾರ 48. ಮೊದಲ ಅರ್ಧ ಗಂಟೆ ಗೆಲ್ಲುವುದೇ ನಿಧಾನ. ಎಂಟನೇ ವಾರಕ್ಕೆ 2 ಗಂಟೆ, ಹತ್ತಕ್ಕೆ 4.

ದಿನಚರಿಯೂ ಬದಲಾಯಿತು. ಸಂಜೆ 5.45ಕ್ಕೆ 45 ನಿಮಿಷದ ನಡಿಗೆ, ಓಟಕ್ಕಿಂತ ಮೂಸುವುದಕ್ಕೆ ಬಿಡುವು ಹೆಚ್ಚು. ಬೇಸಗೆಯಲ್ಲಿ ಅಂಗೈ ಹಿಂಬದಿಯನ್ನು ಟಾರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು, ಕಾಯಬೇಕು. ಏಳಕ್ಕೆ ಊಟ, ಎಂಟಕ್ಕೆ ಕೆಳಗೆ ಕರೆದೊಯ್ಯುವುದು. ಹೊರಡುವಾಗ ಟೊಳ್ಳು ರಬ್ಬರ್ ಆಟಿಕೆಯಲ್ಲಿ ಉಪ್ಪಿಲ್ಲದ ಮೊಸರನ್ನ ತುಂಬಿ ಫ್ರೀಜರಿನಲ್ಲಿ ಗಟ್ಟಿಮಾಡಿದ್ದು. ಐದನೇ ವಾರದವರೆಗೆ ಅದನ್ನು ಮೂಸಿಯೂ ನೋಡಲಿಲ್ಲ. ಆರನೇ ವಾರ ನೆಕ್ಕಿ ಮುಗಿಸಿತು. ಭಯ ಇಳಿದಿದೆ ಎಂಬುದಕ್ಕೆ ಗಡಿಯಾರಕ್ಕಿಂತ ಒಳ್ಳೆಯ ಗುರುತು ಅದು. ಕಡಲೆಕಾಯಿ ಬೆಣ್ಣೆ ತುಂಬುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ (ಸಕ್ಕರೆಯ ಬದಲು ಹಾಕುವ ಸಿಹಿ) ಎಂದಿದೆಯೇ ನೋಡಬೇಕು, ನಾಯಿಗೆ ಅದು ವಿಷ.

ನಾಯಿ ಸುಮ್ಮನಾದರೂ ಬಾರದ ನಿದ್ದೆ

ಚಿಕಿತ್ಸೆಯ ಐದನೇ ವಾರ ಮೇಲ್ಮನೆ ನಿಶ್ಶಬ್ದ, ಶಿಕ್ಷಕಿ ಮತ್ತೆ ಕೋಣೆಗೆ ಮರಳಿದ್ದಾರೆ, ಆದರೂ 1.30ಕ್ಕೆ ಸರಿಯಾಗಿ ಎಚ್ಚರ. ಎದ್ದು ಕಿವಿಗೊಟ್ಟು ಮಲಗುತ್ತಿದ್ದರು, ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು. ಎರಡು ತಿಂಗಳಲ್ಲಿ ದೇಹ ಆ ಹಾಸಿಗೆಯನ್ನು ಕಾವಲಿನ ಜಾಗವೆಂದು ಕಲಿತುಬಿಟ್ಟಿತ್ತು. ಎಷ್ಟೋ ಮನೆಗಳಲ್ಲಿ ಜಗಳ ಮತ್ತೆ ಏಳುವುದು ಇಲ್ಲೇ: ನಿದ್ದೆ ಬರದವರು ನಾಯಿ ಬೊಗಳಿತೆನ್ನುತ್ತಾರೆ, ಮಾಲೀಕ ಕ್ಯಾಮೆರಾ ತೋರಿಸುತ್ತಾನೆ, ಇಬ್ಬರದೂ ಸುಳ್ಳಲ್ಲ.

ಮೊದಲು ಪುಸ್ತಕ ನಿಲ್ಲಿಸಿದರು. ಸದ್ದು ಬರೆದಿಡುವ ಅಭ್ಯಾಸ ಹತ್ತು ದಿನಕ್ಕೆ ಔಷಧ, ಆಮೇಲೆ ಅದೇ ರೋಗ. ಕೋಣೆಯ ಗಡಿಯಾರ ಹೊರಗೆ ಹೋಯಿತು. ವೈದ್ಯರನ್ನು ಕೇಳಿ ಮಲಗುವ ಅವಧಿಯನ್ನು ಮೊಟಕುಗೊಳಿಸಿದರು: ರಾತ್ರಿ 11.30ರಿಂದ 5.15, ರಜೆಯಲ್ಲೂ ಅದೇ. ಎಚ್ಚರವಾಗಿ ಸುಮಾರು ಇಪ್ಪತ್ತು ನಿಮಿಷ ಕಳೆಯಿತೆನಿಸಿದರೆ ಹಾಸಿಗೆ ಬಿಟ್ಟು ಹಾಲಿನಲ್ಲಿ ಮಂದ ದೀಪಕ್ಕೆ ಕೂರುವುದು, ಕಣ್ಣು ಎಳೆದಾಗಲೇ ಮರಳುವುದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಹೊರಳಾಡುವ ಹೊತ್ತು ಕಡಿಮೆಯಾದಂತೆ ಹಾಸಿಗೆಗೂ ನಿದ್ದೆಗೂ ನಂಟು ಮರಳುತ್ತದೆ. ಮೊದಲ ವಾರ ಹಗಲಿನ ತೂಕಡಿಕೆ ಹೆಚ್ಚುತ್ತದೆ, ಗಾಡಿ ಓಡಿಸುವಂತಿಲ್ಲ. ಮೂರ್ಛೆರೋಗ, ಮನಸ್ಸಿನ ಉನ್ಮಾದದ ಕಾಯಿಲೆ ಇರುವವರು ಇದಕ್ಕೆ ಕೈಹಾಕಬಾರದು. ನಿದ್ದೆ ಹಾಸಿಗೆಯ ಹೊತ್ತಿನ ನೂರಕ್ಕೆ 85 ದಾಟಿದಾಗಲೆಲ್ಲ ವಾರಕ್ಕೆ 15 ನಿಮಿಷ ಸೇರಿಸಿದರು. ಎಂಟನೇ ವಾರ 6 ಗಂಟೆಯ ಹಾಸಿಗೆಯಲ್ಲಿ 5 ಗಂಟೆ 25 ನಿಮಿಷ ನಿದ್ದೆ. ಹನ್ನೆರಡನೇ ವಾರ ಆರೂವರೆ ಗಂಟೆಯ ಹಾಸಿಗೆಯಲ್ಲಿ ಆರು ಗಂಟೆ. ಅತ್ತೆಯನ್ನು ಮೊಮ್ಮಗ ಒಂದು ಸಂಜೆ ಮೇಲ್ಮನೆಗೆ ಕರೆದುಕೊಂಡು ಹೋದ. ನಾಯಿ ಬಂದು ಅವರ ಸೆರಗು ಮೂಸಿ ಪಕ್ಕದಲ್ಲಿ ಕೂತಿತು. ಆಮೇಲೆ ಅಪರೂಪಕ್ಕೆ ಊಳು ಕೇಳಿದರೂ "ಪಾಪ, ಅವನಿಲ್ಲ ಅಂತ ಕೂಗ್ತಿದೆ" ಎನ್ನುತ್ತಿದ್ದರು.

ಮಾತು ಕೈಕೊಟ್ಟಿದ್ದರೆ

ಯುವಕ ಬಾಗಿಲು ತೆರೆಯದಿದ್ದರೆ ಏನು ದಾರಿಯಿತ್ತು? ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್, ಮಿತಿಗಿಂತ 10 ಡೆಸಿಬೆಲ್ ಹೆಚ್ಚಾದರೆ ದೂರು ಕೊಡಬಹುದು. ಆದರೆ ಆ ಮಿತಿ ಸರಾಸರಿ ಸದ್ದಿನದು, ಬಿಟ್ಟು ಬಿಟ್ಟು ಬರುವ ಬೊಗಳಿಗೆ ಸುಲಭವಾಗಿ ಅನ್ವಯವಾಗದು. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ 11(1)ನೇ ಸೆಕ್ಷನ್ ಇಲ್ಲಿ ಹೆಚ್ಚು ಹತ್ತಿರ: ನಾಯಿಯನ್ನು ಅತಿ ಗಿಡ್ಡ ಹಗ್ಗ, ಸರಪಳಿಯಲ್ಲಿ ಬಹುಹೊತ್ತು ಕಟ್ಟುವುದು, ಕಟ್ಟಿಯೇ ಇಡುವ ನಾಯಿಗೆ ಓಡಾಟ ಕೊಡದಿರುವುದು, ಸಾಕಷ್ಟು ನೀರು-ನೆರಳು ಕೊಡದಿರುವುದು ಅಪರಾಧ. ಮೊದಲ ತಪ್ಪಿಗೆ ದಂಡ ಬರೀ 10ರಿಂದ 50 ರೂಪಾಯಿ. ಹಣಕ್ಕಿಂತ ಪೊಲೀಸರು ಒಮ್ಮೆ ಬಂದುಹೋಗುವುದೇ ಅದರ ಬಲ. ಸಾಕುನಾಯಿಯನ್ನೇ ನಿಷೇಧಿಸುವ ಹಕ್ಕು ನಿವಾಸಿಗಳ ಸಂಘಕ್ಕಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ, ರಾತ್ರಿ ನಾಯಿಯನ್ನು ಸುಮ್ಮನಿರಿಸಲು ಮಾಲೀಕರು ಪ್ರಯತ್ನಿಸಬೇಕೆಂದೂ ಹೇಳುತ್ತದೆ. ಇವೆಲ್ಲವೂ ನಿಧಾನ, ಯಾವುದರಿಂದಲೂ ಅಂದಿನ ರಾತ್ರಿ ನಿದ್ದೆ ಬರುವುದಿಲ್ಲ. ನಾಯಿ ನೀರಿಲ್ಲದೆ ಬಿಸಿಲಲ್ಲಿ ಬಿದ್ದಿದ್ದರೆ ಮಾತ್ರ ಮಾತುಕತೆಗೆ ಕಾಯದೆ 112ಕ್ಕೆ ಕರೆ ಮಾಡಬೇಕು.

ಹದಿನಾರನೇ ವಾರದ ಹೊತ್ತಿಗೆ

ಪೂರ್ತಿ ಹತ್ತು ಗಂಟೆಯ ಒಂಟಿತನ ಈ ನಾಯಿಗೆ ಇನ್ನೂ ಒಗ್ಗಿಲ್ಲ, ಒಗ್ಗದೆಯೂ ಇರಬಹುದು. ಈಗಿನ ಏರ್ಪಾಡು ಹೀಗಿದೆ: 11ರವರೆಗೆ ಯಾರಾದರೊಬ್ಬರು ಜೊತೆಗಿರುತ್ತಾರೆ, ವಾರದಲ್ಲಿ ಮೂರು ದಿನ ದುಡ್ಡು ಕೊಟ್ಟು, ಎರಡು ದಿನ ಸೋದರಸಂಬಂಧಿ. ಆಮೇಲೆ ನಾಯಿ ಮಲಗುತ್ತದೆ, 6.30ರವರೆಗೆ ಒಂಟಿ. ವಾರದಲ್ಲಿ ಒಂದೆರಡು ಸಲ ಹಾಲಿನ ಗಾಡಿಗೆ ನಾಲ್ಕಾರು ಬೊಗಳು, ಅಷ್ಟೆ. ಮಾತ್ರೆ ಕನಿಷ್ಠ ಆರು ತಿಂಗಳು ನಡೆಯಲಿದೆ, ನಿಲ್ಲಿಸುವಾಗ ವೈದ್ಯರ ಲೆಕ್ಕದಂತೆ ನಿಧಾನಕ್ಕೆ. ದೀಪಾವಳಿಯ ಪಟಾಕಿ ವಾರಕ್ಕೆ ಯುವಕ ಈಗಲೇ ರಜೆ ಹಾಕಿದ್ದಾನೆ. ಕ್ಯಾಮೆರಾ ಇನ್ನೂ ಅಲ್ಲೇ ಇದೆ. ಸದ್ದಾದರೆ ಎಚ್ಚರಿಸುವ ಸಂದೇಶ ಮೊದಲು ಇಬ್ಬರ ಫೋನಿಗೂ ಹೋಗುತ್ತಿತ್ತು. ಒಂಬತ್ತನೇ ವಾರದಲ್ಲಿ ಶಿಕ್ಷಕಿಯೇ ಕೇಳಿಕೊಂಡು ತಮ್ಮ ನಂಬರನ್ನು ತೆಗೆಸಿದರು.